ಓಣಿಗೊಂದೇ ವೈಫೈ

ಲ್ಯಾಪ್‌ಟಾಪಿನ ಮೂಲೆಯಲ್ಲಿ ಬೀಸಣಿಗೆಯಂತಿರುವ ಆ ಪುಟ್ಟ ಗುರುತಿನ ಪಕ್ಕ ಒಂದು ಹಳದಿ ತ್ರಿಕೋನ ಕಾಣಿಸಿಕೊಂಡಾಗ ಚನ್ನೇಶ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಊಟ ಆದ ಮೇಲೆ ನೋಡಿದರಾಯಿತು ಅಂದುಕೊಂಡ. ಹಾವಿನ ಮರಿಯನ್ನು ಎರೆಹುಳ ಅಂದುಕೊಂಡು ಕಾಲಲ್ಲಿ ಸರಿಸಿದವನ ಗತಿ ಅವನದಾಯಿತು.

ಅವತ್ತು ಭಾನುವಾರ. ಸಂಜೆ ನಾಲ್ಕಕ್ಕೆ ರಟ್ಟೀಹಳ್ಳಿಯ ಹೆಣ್ಣಿನ ಕಡೆಯವರು ಅವನನ್ನು ನೋಡುವವರಿದ್ದರು. ಅದೂ ಲ್ಯಾಪ್‌ಟಾಪಿನಲ್ಲಿ.

ಹೆಣ್ಣಿನ ಹೆಸರು ನೀಲಾಂಬಿಕಾ. ಹಿರೇಕೆರೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಬಂಕಾಪುರದಲ್ಲಿ ಯಾರದೋ ಮದುವೆಯ ಪಂಕ್ತಿಯಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ಬಡಿಸುವವನು ಅವಳ ಎಲೆ ಬಿಟ್ಟು ಮುಂದೆ ಹೋದಾಗ ಚನ್ನೇಶ, "ಏ ಹೋಳಿಗಿ, ಇಲ್ಲೊಂದು ಎಲಿ ಉಳೀತು ನೋಡೋ!" ಎಂದು ಕೂಗಿದ್ದ. ಅವಳು ನಕ್ಕಿದ್ದಳು. ಆ ನಗೆಯೊಂದರ ಮೇಲೆಯೇ ಚನ್ನೇಶ ಅಲ್ಲಿಂದ ಈಚೆಗೆ ಉಂಡದ್ದು, ಉಟ್ಟದ್ದು, ಹತ್ತಿಮತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡಿದ್ದು. ಎಷ್ಟೋ ವರ್ಷಗಳಿಂದ ‘ಈ ವರ್ಷ ಆದೀತು’ ಎನ್ನುತ್ತ ಬಂದಿದ್ದ ಅವನ ಮದುವೆಗೆ ಮೊದಲ ಸಲ ಒಂದು ಮುಖ, ಆ ಮುಖಕ್ಕೊಂದು ನಗೆ ಸಿಕ್ಕಿತ್ತು.

ಆದರೆ ಸಂಬಂಧದ ಮಾತು ಮೇಲೇಳುವ ಹೊತ್ತಿಗೆ ಆಷಾಢ ಬಂದು ಬಾಗಿಲಿಗೆ ಅಡ್ಡ ಕೂತಿತು. ಆಷಾಢದಲ್ಲಿ ಹೆಣ್ಣು ನೋಡುವಂತಿಲ್ಲ, ಗಂಡು ನೋಡುವಂತಿಲ್ಲ. ಮನೆಯ ಹಿರಿತನವೆಲ್ಲ ಕೈಯಲ್ಲಿದ್ದ ಹೆಣ್ಣಿನ ಸೋದರಮಾವ, ಗೊಬ್ಬರದ ವ್ಯಾಪಾರಿ ಅಜ್ಜಪ್ಪನವರೇ ಇದಕ್ಕೊಂದು ಕಿಂಡಿ ಹುಡುಕಿದರು.

"ಆಷಾಢದಾಗ ಹೊಸ್ತಿಲಾ ದಾಟಬಾರ್ದು ಅಂತೈತಿ ಹೊರತು ಲ್ಯಾಪ್‌ಟಾಪಿನ್ಯಾಗ ನೋಡಬಾರ್ದು ಅಂತ ಯಾವ ಶಾಸ್ತ್ರದಾಗೂ ಇಲ್ಲ. ಫೋನ್ಯಾಗ ಬ್ಯಾಡ್ರಿ. ಫೋನ್ಯಾಗ ಬರೇ ಮೂಗ ಕಾಣತೈತಿ. ನಮ್ಮ ಕಡೆ ಟಿವಿಗೆ ಜೋಡಸ್ತೇವಿ, ಹಿರ್‍ಯಾರೆಲ್ಲ ಕುಂತ ನೋಡ್ತಾರ. ನೀವು ಲ್ಯಾಪ್‌ಟಾಪ್ ಮುಂದ ಕುಂದರ್ರಿ. ನಾಕಂದ್ರ ನಾಕ. ತಡ ಆದ್ರ ಮತ್ತ ಶ್ರಾವಣದಾಗ ಬ್ಯಾರೆ ಎರಡು ಮನಿಯವರು ಬರೋರದಾರ."

ಆ ‘ಬೇರೆ ಎರಡು ಮನೆ’ಗಳು ಚನ್ನೇಶನ ಹೊಟ್ಟೆಯೊಳಗೆ ನಿನ್ನೆಯಿಂದ ಬಾಡಿಗೆಗಿದ್ದವು.

ಊಟ ಮುಗಿಸಿ ಬಂದರೂ ತ್ರಿಕೋನ ಹೋಗಿರಲಿಲ್ಲ. ಒತ್ತಿದರೆ, ‘ಈ ನೆಟ್‌ವರ್ಕಿಗೆ ಸಂಪರ್ಕ ಸಾಧ್ಯವಾಗುತ್ತಿಲ್ಲ’ ಎಂದಿತು. ವೈಫೈ ಆರಿಸಿ ಹಚ್ಚಿದ. ಸಾಧ್ಯವಾಗುತ್ತಿಲ್ಲ. ನೆಟ್‌ವರ್ಕನ್ನು ‘ಮರೆತುಬಿಡು’ ಎಂದು ಲ್ಯಾಪ್‌ಟಾಪಿಗೆ ಹೇಳಿದ. ಅದು ಆಜ್ಞಾಧಾರಕ ಸೊಸೆಯಂತೆ ತಕ್ಷಣ ಮರೆಯಿತು. ಪಾಸ್‌ವರ್ಡು ಹಾಕಿ ‘ನೆನಪು ಮಾಡಿಕೋ’ ಎಂದ. ಅದು ಹಳೆಯ ಗೆಳತಿಯಂತೆ ‘ನೀವು ಯಾರು?’ ಎಂದಿತು. ಸಮಸ್ಯೆ ಹುಡುಕು ಎಂದು ಅಪ್ಪಣೆ ಕೊಟ್ಟ. ಹಸಿರು ಪಟ್ಟಿ ಅತ್ತಿಂದಿತ್ತ ಓಡಾಡಿ, ಬೆವರಿಳಿಸಿ ದುಡಿದವರ ಗತ್ತಿನಲ್ಲಿ, ‘ಸಂಪರ್ಕದಲ್ಲಿ ಸಮಸ್ಯೆ ಇದೆ’ ಎಂದು ವರದಿ ಒಪ್ಪಿಸಿತು.

"ಅದು ನನಗೂ ಗೊತ್ತೈತೆಲ್ಲೋ!" ಎಂದು ಚನ್ನೇಶ ಪರದೆಗೆ ಬೈದ. ವಾರವಿಡೀ ಮಕ್ಕಳಿಗೆ ವಿದ್ಯುತ್ಕಾಂತೀಯ ತರಂಗಗಳ ಪಾಠ ಮಾಡುವವನ ಅಂತರಂಗದಲ್ಲಿ ಎದ್ದ ತರಂಗಗಳನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ. ಫೋನಿನಿಂದ ನೆಟ್ ಕೊಡೋಣವೆಂದರೆ, ಸವಣೂರಿನ ಆ ಓಣಿಯಲ್ಲಿ ಮೊಬೈಲ್ ಸಿಗ್ನಲ್ಲು ಅಳಿಯನಿದ್ದಂತೆ. ಹಬ್ಬಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿತ್ತು.

ಒಳಗಿನಿಂದ ತಾಯಿ ಸರೋಜವ್ವ ತಟ್ಟೆ ಹಿಡಿದುಕೊಂಡು ಬಂದು ಲ್ಯಾಪ್‌ಟಾಪಿನ ಮುಂದಿಟ್ಟಳು. ಖಾರ, ಶೇಂಗಾದ ಉಂಡಿ, ಸುಲಿದ ಬಾಳೆಹಣ್ಣು.

"ಯವ್ವಾ, ಇದ್ಯಾರಿಗೆ?"

"ಬೀಗರಿಗೆ."

"ಅವರು ರಟ್ಟೀಹಳ್ಳ್ಯಾಗ ಇರ್ತಾರಬೇ!"

"ಅಲ್ಲೇ ಇರಲಿ. ನಾವು ಇಟ್ಟಿದ್ದು ಅವರಿಗೆ ಕಾಣಬೇಕಲ್ಲ? ಬರೇ ಟೇಬಲ್ಲ ಕಂಡ್ರ ಏನಂದಾರು, ಮನ್ಯಾಗ ಏನೂ ಗತಿಯಿಲ್ಲ ಅನ್ನಾಂಗಿಲ್ಲೇನ?"

ಆಗ ಬಾಗಿಲಲ್ಲಿ ಪಕ್ಕದ ಮನೆಯ ಫಕ್ಕೀರೇಶ ಪ್ರತ್ಯಕ್ಷನಾದ. ವಿಮಾ ಏಜೆಂಟ. ಸಾವಿನ ಮನೆಯ ನೆರಳು ಬಿದ್ದಲ್ಲೆಲ್ಲ ಪಾಲಿಸಿ ಹಿಡಿದು ನಿಲ್ಲುವವನಿಗೆ ಚನ್ನೇಶನ ಮುಖ ನೋಡಿದ ಕೂಡಲೇ ಏನೋ ಹೋಗಿದೆ ಎಂದು ತಿಳಿಯಿತು.

"ಏನ್ ಮಾಸ್ತರ, ನೆಟ್ ಹತ್ತವಲ್ದೇನು? ಇದಕ್ಕ ಜಗತ್ತಿನ್ಯಾಗ ಒಂದ ಔಷಧ. ಪೆಟಗಿ ಆಫ್ ಮಾಡು, ಆನ್ ಮಾಡು. ಅಮೇರಿಕಾದಾಗೂ ಹಿಂಗ ಮಾಡ್ತಾರ."

ಗೋಡೆಯ ಮೇಲೆ ಹಲ್ಲಿಯಂತೆ ಅಂಟಿಕೊಂಡಿದ್ದ ರೌಟರಿನ ವೈರನ್ನು ಚನ್ನೇಶ ಕಿತ್ತ. ಹಸಿರು ದೀಪಗಳು ಆರಿದವು.

ಆರಿದ್ದೇ ತಡ, ಎದುರು ಮನೆಯಿಂದ ಒಂದು ದನಿ ಎದ್ದಿತು. "ಹಲೋ? ಹಲೋ! ಹಲೋ ಅಂದ್ರ ಕೇಳವಲ್ದೇನ್ರಿ? ಹಲೋ!"

ಅಡಿವೆವ್ವ ಫೋನನ್ನು ಕೊಡೆಯಂತೆ ತಲೆಯ ಮೇಲೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಎಪ್ಪತ್ತು ದಾಟಿದ ಮುದುಕಿ. ಓಣಿಯ ಯಾವ ಮನೆಯಲ್ಲಿ ಯಾವ ಪಲ್ಲೆ ಬೇಯುತ್ತಿದೆ ಎಂದು ಮೂಗಿನಿಂದಲೇ ಹೇಳುವವಳು.

"ಏ ಚನ್ನ್ಯಾ, ನೆಟ್ ಯಾಕ ಹೋತೋ?"

ಚನ್ನೇಶ ಬೆರಗಾದ. "ನೆಟ್ ಹೋಗಿದ್ದು ನಿನಗ ಹೆಂಗ ಗೊತ್ತಾತು ಆಯಿ?"

"ನನ್ನ ನೆಟ್ ಹೋದ್ರ ನನಗ ಗೊತ್ತಾಗಾಂಗಿಲ್ಲೇನೋ? ಎಂಥಾ ಮಹತ್ವದ ಮಾತು ನಡದಿತ್ತು!"

"ನಿನ್ನ ನೆಟ್ಟಾ?"

"ಅಂದ್ರ, ನಿನ್ನದ. ನಿನ್ನದೇನು, ನನ್ನದೇನು."

ಚನ್ನೇಶ ನಿಧಾನವಾಗಿ ತಾಯಿಯ ಕಡೆ ತಿರುಗಿದ. ಸರೋಜವ್ವ ಬಾಳೆಹಣ್ಣನ್ನು ಎಡಗಡೆಯಿಂದ ಬಲಗಡೆಗೆ ಸರಿಸುವ ಮಹತ್ಕಾರ್ಯದಲ್ಲಿ ಮುಳುಗಿದ್ದಳು.

"ಯವ್ವಾ, ಪಾಸ್‌ವರ್ಡ ಯಾರ್‍ಯಾರಿಗೆ ಕೊಟ್ಟೀ?"

"ಕೇಳಿದವ್ರಿಗೆ."

"ಯಾರ್ ಕೇಳಿದ್ರು?"

"ಕೇಳದವ್ರು ಯಾರದಾರೋ? ಮನಿ ಬಾಗಲಿಗೆ ಬಂದು ಹೆಪ್ಪು ಕೇಳಿದ್ರ ಇಲ್ಲ ಅಂತಾರೇನ? ಒಂದ ಚಮಚಾ ಹೆಪ್ಪು ಕೊಟ್ರ ನಮ್ಮ ಗಡಿಗ್ಯಾನ ಮಸರು ಕಡಿಮಿ ಆಗತೈತೇನ? ಅವರ ಮನ್ಯಾಗ ಅವರ ಹಾಲಿಗೆ ಅವರು ಹಾಕ್ಕೋತಾರ. ನಿಮ್ಮಪ್ಪನ ಕಾಲದಿಂದ ಈ ಮನ್ಯಾಗ ಹೆಪ್ಪು ಇಲ್ಲ ಅಂದಿದ್ದಿಲ್ಲ."

"ಇದು ಹೆಪ್ಪಲ್ಲಬೇ, ವೈಫೈ! ಇದು ಇಷ್ಟ ಮಂದಿಗೆ ಅಂತ ಲೆಕ್ಕ ಇರತೈತಿ. ಓಣಿ ಮಂದೆಲ್ಲಾ ಒಳಗ ಬಂದು ಕುಂತ್ರ ಮನಿ ಮಗಾ ಹೊರಗ ನಿಂದರಬೇಕಾಗತೈತಿ!"

"ಹಂಗಾದ್ರ ಅದು ಸಣ್ಣ ಮನಸಿಂದು," ಎಂದು ಸರೋಜವ್ವ ರೌಟರಿನ ಶೀಲದ ಮೇಲೆಯೇ ತೀರ್ಪು ಕೊಟ್ಟಳು.

ವೈರು ಮತ್ತೆ ಚುಚ್ಚಿದ. ದೀಪಗಳು ಹತ್ತಿದವು. ಚನ್ನೇಶನ ಬೆರಳು ಲ್ಯಾಪ್‌ಟಾಪಿನತ್ತ ಹೊರಡುವಷ್ಟರಲ್ಲಿ ಓಣಿಯ ಫೋನುಗಳೆಲ್ಲ ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲು ಹಾಕುವ ಪ್ರಯಾಣಿಕರಂತೆ ಸೀಟು ಹಿಡಿದಾಗಿತ್ತು. ಲ್ಯಾಪ್‌ಟಾಪು ಮತ್ತೆ ಹೊರಗೇ ಉಳಿಯಿತು.

ಬಾಗಿಲಿಂದ ಬಾಗಿಲಿಗೆ ಹೋಗಿ ಕೈಮುಗಿಯುವುದೊಂದೇ ದಾರಿ. ಅಡಿವೆವ್ವ, "ಆತಪ್ಪ, ಬಂದ್ ಮಾಡ್ತೇನಿ" ಅಂದಳು. ಆದರೆ ಅವಳ ಮನೆಯಲ್ಲಿ ಟಿವಿಯೂ ಅವನ ನೆಟ್ಟಿನ ಮೇಲೆಯೇ ನಡೆಯುತ್ತಿತ್ತು. ಅದನ್ನು ಬಂದ್ ಮಾಡುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಚ್ಚುವುದಷ್ಟೇ ಗೊತ್ತಿತ್ತು. ಆಚೆ ಮನೆಯ ಮುಮ್ತಾಜಬೇಗಂ ಮಗಳಿಗೆ ಬಿರಿಯಾನಿ ಮಾಡುವುದನ್ನು ಪರದೆಯ ಮೇಲೆ ಹೇಳಿಕೊಡುತ್ತಿದ್ದಳು. "ಈರುಳ್ಳಿ ಕೆಂಪಗ ಆಗೂತನ ತಡಿ ಬೇಟಾ," ಅಂದಳು. ಫಕ್ಕೀರೇಶನಂತೂ, ಈಗಷ್ಟೇ ಬಂದು ಅಮೇರಿಕಾದ ಔಷಧ ಹೇಳಿ ಹೋದವನು, ತನ್ನ ಅಂಗಳದಲ್ಲಿ ಫೋನಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟುತ್ತಿದ್ದ. ಚನ್ನೇಶನನ್ನು ಕಂಡ ಕೂಡಲೇ ಬೆಲ್ಲದ ಗಡಿಗೆಯಲ್ಲಿ ಕೈಯಿಟ್ಟಾಗ ಸಿಕ್ಕವನಂತೆ ಬೆನ್ನು ತಿರುಗಿಸಿದ.

"ಫಕ್ಕೀರಣ್ಣಾ, ನೀನೂನಾ?"

"ಎರಡ ನಿಮಿಷ ಮಾಸ್ತರ. ಪಾಲಿಸಿ ಮ್ಯಾಟರು. ಭಾಳ ಗುಟ್ಟಿಂದು." ಹೇಳುತ್ತ ಕಣ್ಣು ಹೊಡೆದ.

ನನ್ನ ನೆಟ್ಟು ಕದ್ದು ನನಗೇ ಕಣ್ಣು ಹೊಡೆಯುತ್ತಾನೆ! ಚನ್ನೇಶ ಮನೆಗೆ ಬಂದು ಪಾಸ್‌ವರ್ಡನ್ನೇ ಬದಲಿಸಲು ಕೂತ. ಹೊಸ ಅಂಗಿಯ ಬಗಲಲ್ಲಿ ಆಗಲೇ ಬೆವರು ನಕಾಶೆ ಬರೆದಿತ್ತು. ಮೂಲೆಯಲ್ಲಿದ್ದ ನೀಲಿ ವೈರನ್ನು ಲ್ಯಾಪ್‌ಟಾಪಿಗೂ ರೌಟರಿಗೂ ಸಿಕ್ಕಿಸಿ, ಅದರ ಹೊಟ್ಟೆಯೊಳಗೆ ಹೊಕ್ಕು, ಹಳೆಯ ಪಾಸ್‌ವರ್ಡು ಅಳಿಸಿ ಹೊಸದು ಹೊಡೆದ. ಆ ವೈರಿನಿಂದಲೇ ನಾಲ್ಕಕ್ಕೆ ಕೂರಬಹುದಿತ್ತು. ಆದರೆ ಅದು ಗೇಣುದ್ದ ಇತ್ತು. ಹಾಗೆ ಕೂರುವುದಾದರೆ ಚನ್ನೇಶ ಕಪಾಟಿನ ಮೇಲೇರಿ ಗೋಡೆಗೆ ಕೆನ್ನೆ ಹಚ್ಚಿ ಕೂರಬೇಕು. ಅಳಿಯನ ಬದಲು ಅಟ್ಟದ ಬೆಕ್ಕು ಕಂಡಂತಾಗುತ್ತಿತ್ತು.

ಪಾಸ್‌ವರ್ಡು ಬದಲಾದ ಕ್ಷಣವೇ ಪಕ್ಕದ ಅಂಗಳದಿಂದ, "ಹಲೋ? ಹಲೋ ಸಾಹೇಬ್ರ? ಹಲೋ!" ಎಂದು ಫಕ್ಕೀರೇಶನ ದನಿ ಬಂತು. ಚನ್ನೇಶನಿಗೆ ಮಧ್ಯಾಹ್ನದಿಂದ ಮೊದಲ ಸಲ ಮೈಯೊಳಗೆ ತಂಪು ಹೊಕ್ಕಂತಾಯಿತು. "ಒದರು, ಒದರು," ಎಂದು ತನ್ನಷ್ಟಕ್ಕೆ ನಕ್ಕ.

ನಗು ಮುಗಿಯುವ ಮೊದಲೇ ಪಕ್ಕದಲ್ಲಿ ‘ಹಲೋ’ ನಿಂತಿತು. ಲ್ಯಾಪ್‌ಟಾಪು ನೋಡಿದರೆ ಅದೇ ತ್ರಿಕೋನ.

ಆದದ್ದಿಷ್ಟು. ಸಂಪರ್ಕ ಹಾಕಿಸಿದ ವರ್ಷ ಚನ್ನೇಶ ಹುರುಪಿನಲ್ಲಿ ‘ಮದುವೆ’ ಎಂದು ಬರೆದು ಮುಂದೆ ಆ ವರ್ಷದ ಇಸವಿ ಹಾಕಿ ಅದನ್ನೇ ಪಾಸ್‌ವರ್ಡು ಮಾಡಿಕೊಂಡಿದ್ದ. ಮದುವೆ ಆಗಲಿಲ್ಲ. ಮರುವರ್ಷ ಇಸವಿ ಬದಲಿಸಿದ. ಅದರ ಮರುವರ್ಷವೂ. ಪಂಚಾಂಗ ಬದಲಾದಂತೆ ಬದಲಾಗುವ ಆ ಪಾಸ್‌ವರ್ಡು ಓಣಿಗೆಲ್ಲ ಬಾಯಿಪಾಠ. ಈಗ ಗಡಿಬಿಡಿಯಲ್ಲಿ ಅವನು ಮಾಡಿದ್ದೇನೆಂದರೆ, ಬರುವ ವರ್ಷದ ಇಸವಿ ಹಾಕಿದ್ದು.

ಗೋಡೆಯಾಚೆಯಿಂದ ಫಕ್ಕೀರೇಶ ಸಾಂತ್ವನ ಹೇಳಿದ. "ಮಾಸ್ತರ, ಈ ವರ್ಷ ಆಗಾಂಗಿಲ್ಲ ಅಂತ ನೀನ ತಿಳಕೊಂಡ್ರ ಹೆಂಗೋ? ಧೈರ್ಯಾ ಬಿಡಬ್ಯಾಡ!"

ಇನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯ ಅತೀಕನೇ ಗತಿ. ಫೋನು ಹತ್ತಬೇಕಾದರೆ ಮಾಳಿಗೆ ಏರಬೇಕು. ಏರಿದ. ಆಷಾಢದ ಜಿಟಿಜಿಟಿ ಮಳೆ ಅವನಿಗಾಗಿಯೇ ಕಾದಂತೆ ಶುರುವಾಯಿತು. ನೀರಿನ ಟಾಕಿಯ ಮೇಲೆ ಒಂದು ಕಾಲು, ಗೋಡೆಯ ಮೇಲೆ ಒಂದು ಕಾಲು ಇಟ್ಟಾಗ ಒಂದು ಕಡ್ಡಿ ಸಿಗ್ನಲ್ಲು ಸಿಕ್ಕಿತು.

"ಅತೀಕ, ನನ್ನ ಜೀವಮಾನ ಹಾಳಾಗಾಕತ್ತೈತಿ, ಲಗೂ ಬಾ!"

"ಯಾಕೋ, ಏನಾತು?"

"ವೈಫೈ!"

"ಹಂಗ ಹೇಳೋ, ಜೀವಾ ಹೋದಂಗ ಒದರ್ತಿ. ಗಿರಾಕಿ ಅದಾರ, ಮುಗಿಸಿ ಬರ್ತೇನಿ."

ತೊಯ್ದ ಕೋಳಿಯಂತೆ ಚನ್ನೇಶ ಇಳಿದು ಬಂದಾಗ ಕಟ್ಟೆಯ ಮೇಲೆ, ಅವನದೇ ಕಿಟಕಿಯ ಬುಡದಲ್ಲಿ, ಗೌಸಸಾಬರು ಕೂತಿದ್ದರು. ಮುಮ್ತಾಜಬೇಗಂಳ ಗಂಡ, ವೀಳ್ಯದೆಲೆಯ ವ್ಯಾಪಾರದಲ್ಲಿ ಬಾಳು ಕಳೆದ ಹಿರಿಯ. ಅವರ ಮನೆಯೊಳಗೆ ಬೇಗಂ ಬಿರಿಯಾನಿ ದಮ್ಮಿಗೆ ಇಡಿಸುತ್ತಿದ್ದುದರಿಂದ, ‘ಇಲ್ಲಿ ಕಡಕ್ ಬರತೈತಿ’ ಎಂದು ರೌಟರಿನ ನೆರಳಿಗೇ ಬಂದಿದ್ದರು. ಫೋನನ್ನು ಗಡ್ಡಕ್ಕೆ ಒತ್ತಿಕೊಂಡು ಬಹಳ ಮೆಲ್ಲಗೆ, "ಅದು ಹಂಗಲ್ರಿ ಸಾಹುಕಾರ್ರ, ಅದರ ಹಿಂದ ಒಂದ ದೊಡ್ಡ ಕತೀನ ಐತಿ…" ಎನ್ನುತ್ತಿದ್ದರು.

ಗೋಡೆಯ ಗಡಿಯಾರ ಮೂರೂವರೆ ದಾಟಿತ್ತು. ಚನ್ನೇಶನ ತಾಳ್ಮೆಯ ಫ್ಯೂಜು ಸುಟ್ಟಿತು.

"ಚಾಚಾ! ನನ್ನ ಮನಿ ಹಾಳ ಮಾಡಾಕ ನನ್ನ ಕಟ್ಟೀನ ಬೇಕಾಗಿತ್ತೇನ್ರಿ? ಇಡ್ರಿ ಫೋನ! ಓಣಿಗೆ ಓಣೀನ ಕಳ್ಳರ ಸಂತಿ ಆಗೇತಿ! ಇವತ್ತ ಒಬ್ಬೊಬ್ಬರನ್ನ ನೋಡ್ಕೋತೇನಿ!"

ಹಾಗೆಂದವನೇ ಒಳಗೆ ನುಗ್ಗಿ ರೌಟರಿನ ವೈರನ್ನು ಬೇರು ಸಮೇತ ಕಿತ್ತ.

"ಹಲೋ?" ಅಂದರು ಗೌಸಸಾಬರು. "ಹಲೋ? ಅರೆ, ಹಲೋ?" ಆಮೇಲೆ ಫೋನು ನೋಡಿದರು, ಚನ್ನೇಶನನ್ನು ನೋಡಿದರು. "ಬೇಟಾ, ನೀ ಹೀಂಗ ಮಾಡಬಾರದಿತ್ತು," ಎಂದು ಬಹಳ ನೊಂದ ದನಿಯಲ್ಲಿ ಹೇಳಿ ಎದ್ದುಹೋದರು. ಬಾಯಿ ಮಾಡಿದ್ದು ಜಾಸ್ತಿಯಾಯಿತೇನೋ ಎಂದು ಚನ್ನೇಶನಿಗೂ ಅನ್ನಿಸದೆ ಇರಲಿಲ್ಲ. ಆದರೆ ನಾಲ್ಕು ಗಂಟೆ ಎದುರಿಗೆ ನಿಂತಿರುವಾಗ ನಾಲ್ಕು ಮಂದಿಯ ಮನಸ್ಸು ನೋಡಲಾದೀತೇ?

ಅತೀಕ ಬಂದ, ಹೆಗಲಿಗೊಂದು ಚೀಲ, ಬಾಯಿಗೊಂದು ಎಲೆಯಡಿಕೆ. ಬಂದವನೇ ಕಿತ್ತ ವೈರನ್ನು ಮತ್ತೆ ಚುಚ್ಚಿ, ಪರದೆ ನೋಡಿ ತಲೆ ಅಲ್ಲಾಡಿಸಿದ.

"ಏನ್ ಮಾಸ್ತರ, ಇದು ಅಂತರ್ಜಾಲ ಅಲ್ಲ, ಜಾಲಿಮುಳ್ಳಿನ ಕಂಟಿ. ಎಷ್ಟ ಮಂದಿನ್ನ ಕಟಕೊಂಡಿ ಇದಕ್ಕ?"

"ನಾ ಕಟ್ಟಿಲ್ಲ, ನಮ್ಮವ್ವ ಹೆಪ್ಪು ಹಾಕ್ಯಾಳ. ಎಲ್ಲಾರ್ನೂ ಹೊರಗ ಹಾಕು. ಇಸವಿ, ಮದುವಿ ಏನೂ ಬ್ಯಾಡ. ಯಾರಪ್ಪಗೂ ತಿಳೀಬಾರದಂಥಾ ಪಾಸ್‌ವರ್ಡ ಕೊಡು."

ಅತೀಕ ಕಣ್ಣು ಮುಚ್ಚಿಕೊಂಡು ಕೀಲಿಮಣೆಯ ಮೇಲೆ ಹತ್ತೂ ಬೆರಳಿನಿಂದ ತಬಲಾ ಬಾರಿಸಿ, ಅಲ್ಲಿ ಹುಟ್ಟಿದ್ದನ್ನೇ ಪಾಸ್‌ವರ್ಡು ಮಾಡಿದ. ಲ್ಯಾಪ್‌ಟಾಪಿಗೂ ಅದನ್ನೇ ಕುಡಿಸಿದ. ರೌಟರಿನ ಹಿಂದೆ ತಲೆ ತೂರಿಸಿ ಏನೇನೋ ಸಿಕ್ಕಿಸಿದ, ಬಿಗಿ ಮಾಡಿದ. ತ್ರಿಕೋನ ಮಾಯವಾಯಿತು! ಬೀಸಣಿಗೆ ತುಂಬು ಬೆಳ್ಳಗೆ ಬಿಚ್ಚಿಕೊಂಡು ನಕ್ಕಿತು.

"ಈಗ ಈ ನೆಟ್ಟಿಗೆ ನೀನೊಬ್ಬನ ನವಾಬ," ಎಂದು ಅತೀಕ ಕೈಕಟ್ಟಿಕೊಂಡು ಮೂಲೆಯಲ್ಲಿ ನಿಂತ.

ಹೊರಗೆ ಓಣಿಯ ತುಂಬ ಗೊಣಗಾಟ ಎದ್ದಿತು. ಚನ್ನೇಶ ಬಾಗಿಲು ಮುಂದೆ ಮಾಡಿದ, ತೊಯ್ದ ಅಂಗಿಯ ಮೇಲೆ ಕೋಟು ಏರಿಸಿದ, ತಲೆ ಬಾಚಿದ, ಕೂತ. ಸರೋಜವ್ವ ಸೆರಗು ಹೊದ್ದುಕೊಂಡು ಪಕ್ಕದಲ್ಲಿ ಕೂತು ತಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿದಳು. ಗಡಿಯಾರ ನಾಲ್ಕು ಬಾರಿಸಿತು. ಲ್ಯಾಪ್‌ಟಾಪು ಗಂಟೆ ಬಾರಿಸಿತು.

ಪರದೆಯ ಮೇಲೆ ರಟ್ಟೀಹಳ್ಳಿಯ ಪಡಸಾಲೆ ಮೂಡಿತು. ಎಂಥ ಸ್ವಚ್ಛ ಚಿತ್ರ! ನಡುವೆ ಅಜ್ಜಪ್ಪನವರು, ಸುತ್ತ ಹಿರಿಯರು, ಹಿಂದೆ ಬಾಗಿಲ ಮರೆಯಲ್ಲಿ ಅರ್ಧ ಕಾಣುವ ನೀಲಾಂಬಿಕಾ. ಹೌದು, ಅವಳೇ. ಚನ್ನೇಶನ ಎದೆಯೊಳಗೆ ಯಾರೋ ಮತ್ತೆ ಹೋಳಿಗೆ ಬಡಿಸಿದಂತಾಯಿತು.

"ಶರಣ್ರಿ," ಎಂದ.

"ಶರಣು," ಎಂದರು ಅಜ್ಜಪ್ಪ. ಯಾರೂ ನಗಲಿಲ್ಲ.

"ಛಾ ತಗೋರಿ," ಎಂದು ಸರೋಜವ್ವ ಕಪ್ಪನ್ನು ಪರದೆಗೆ ಹಿಡಿದಳು.

"ಛಾ ಇರಲವ್ವಾ. ಮೊದಲ ಒಂದ ವಿಷಯ ಇತ್ಯರ್ಥ ಆಗಲಿ." ಅಜ್ಜಪ್ಪ ಗಂಟಲು ಸರಿಮಾಡಿಕೊಂಡರು. "ನೋಡ್ರಿ ಮಾಸ್ತರ, ಸಂಬಂಧ ಅಂದ ಮ್ಯಾಲ ಮನಿತನ ವಿಚಾರಸೂದು ಪದ್ಧತಿ. ಹುಡುಗನ ಕಡೆಯವ್ರಿಗೆ ಗೊತ್ತಾಗಲಾರದಂಗ ನಾಕ ಮಂದೀನ ಕೇಳಬೇಕು. ಆಷಾಢ, ಬರೂಹಂಗಿಲ್ಲ. ಅದಕ ಇವತ್ತ ಊಟಾ ಆದಮ್ಯಾಲ ನಿಮ್ಮ ಓಣಿ ಮಂದಿಗೆ ವಾಟ್ಸಾಪಿನ್ಯಾಗ ಫೋನ ಮಾಡಿದ್ವಿ. ಹುಡುಗಗ ಹೇಳಬ್ಯಾಡ್ರಿ ಅಂತ ಆಣಿ ಹಾಕಿದ್ವಿ."

ಚನ್ನೇಶನ ಬೆನ್ನುಹುರಿಯ ಮೇಲೆ ಒಂದು ಇರುವೆ ನಡೆಯಲು ಶುರುಮಾಡಿತು.

"ಮೊದಲ ಅಡಿವೆವ್ವ ಅನ್ನೋ ಹಿರೇ ಹೆಣ್ಣಮಗಳು. ‘ಹುಡುಗ ಬಂಗಾರ ಐತ್ರಿ, ಆದ್ರ ಒಂದ ಮಾತು ಮುಚ್ಚಿಡಬಾರ್ದು, ಏನಂದ್ರ…’ ಅಂದ್ಲು. ಫೋನ ಕಟ್ ಆತು."

ಇರುವೆ ಎರಡಾದವು.

"ಎರಡನೇದು ಫಕ್ಕೀರೇಶ ಅನ್ನಾಂವ. ‘ಚಟಾ ಏನರ ಅದಾವೇನ್ರಿ?’ ಅಂತ ಕೇಳಿದೆ. ‘ಕುಡಿಯೋದು, ಇಸ್ಪೀಟ ಆಡೋದು, ರಾತ್ರಿ ತಡಾ ಮಾಡಿ ಮನಿಗೆ ಬರೋದು…’ ಅಂತ ಒಂದೊಂದ ಹೇಳಾಕ ಹತ್ತಿದಾ. ಅದೂ ಕಟ್ ಆತು. ಕೇಳಿದ್ದ ಸಾಕು ಅಂತ ನಾನೂ ಮತ್ತ ಮಾಡಲಿಲ್ಲ. ಮತ್ತ ಎಷ್ಟ ಇದ್ದುವೋ ಏನೋ."

ಹಿಂದೆ ಕೂತ ಹಿರಿಯರೊಬ್ಬರು ‘ಶಿವ ಶಿವ’ ಅಂದರು.

"ಮೂರನೇದ್ದು ಗೌಸಸಾಬರು. ಅವರು ಎಲಿ ವ್ಯಾಪಾರದಾಗ ನನಗ ಹಳೇ ಗುರ್ತು, ಸುಳ್ಳ ಹೇಳೋ ಮನಶಾ ಅಲ್ಲ. ಅವರ್ನ ಕೇಳಿದೆ, ‘ಇಷ್ಟ ವಯಸ್ಸಾದ್ರೂ ಹುಡುಗನ ಮದುವಿ ಯಾಕ ಆಗಿಲ್ಲ?’ ಅಂತ. ‘ಅದರ ಹಿಂದ ಒಂದ ದೊಡ್ಡ ಕತೀನ ಐತಿ’ ಅಂದ್ರು. ಅಷ್ಟ್ರಾಗ ಯಾರೋ ಒಬ್ಬಾಂವ ಹಿಂದಿಂದ, ‘ಇಡ್ರಿ ಫೋನ, ಒಬ್ಬೊಬ್ಬರನ್ನ ನೋಡ್ಕೋತೇನಿ’ ಅಂತ ಒದರಿದಾ. ಫೋನ ಬಂದಾತು." ಅಜ್ಜಪ್ಪ ಪರದೆಗೆ ಇನ್ನಷ್ಟು ಹತ್ತಿರ ಬಂದರು. "ನೀವು ಈಗ ‘ಶರಣ್ರಿ’ ಅಂದ್ರಲ್ಲ, ಆ ದನಿ ಇದ್ದಂಗ ಇತ್ತು."

ಚನ್ನೇಶನ ಗಂಟಲಿನಿಂದ ಬಂದದ್ದು ದನಿಯಲ್ಲ, ನಲ್ಲಿಯಲ್ಲಿ ನೀರು ಬರುವ ಮುಂಚೆ ಬರುವ ಗಾಳಿ. "ಅದು… ನೆಟ್ ಹೋಗಿತ್ರಿ. ನೆಟ್ಟಿನ ಸಲುವಾಗಿ…"

"ನೆಟ್ ಹೋಗಿತ್ತಾ? ಈಗ ನಿಮ್ಮ ಮೂಗಿನ ಮ್ಯಾಗಿನ ಬೆವರ ಹನಿ ಸೈತ ಕಾಣಾಕತ್ತೈತಿ. ಇಷ್ಟ ಚಲೋ ನೆಟ್ ನಾ ಎಲ್ಲೂ ನೋಡಿಲ್ಲ."

"ಹಂಗಾದ್ರ ಈಗ ಮತ್ತ ಫೋನ ಮಾಡಿ ಕೇಳ್ರಿ! ಎಲ್ಲಾರೂ ಮನ್ಯಾಗ ಅದಾರ!"

ಅಜ್ಜಪ್ಪ ಫೋನು ತೆಗೆದು ಒತ್ತಿದರು. ಕಾದರು. ಮತ್ತೊಂದು ಒತ್ತಿದರು. ಕಾದರು. ತಲೆ ಅಲ್ಲಾಡಿಸಿದರು. "ಒಬ್ಬರಿಗೂ ಹತ್ತವಲ್ದು. ಹೆದರಿಕಿ ಇದ್ದಲ್ಲೆ ಯಾರ್ ಮಾತಾಡ್ತಾರ್ರಿ?"

ಹತ್ತುವುದು ಹೇಗೆ? ಓಣಿಯ ಕಿವಿಗಳನ್ನೆಲ್ಲ ಚನ್ನೇಶ ಹತ್ತು ಬೆರಳಿನ ತಬಲಾದಿಂದ ಮುಚ್ಚಿಸಿದ್ದನಲ್ಲ!

ಸರೋಜವ್ವನಿಗೆ ನೆಟ್ಟು ತಿಳಿಯದಿದ್ದರೂ ಮಗನ ಮುಖ ತಿಳಿಯಿತು. ಎದ್ದು ಬಾಗಿಲು ತೆರೆದಳು. ನೆಟ್ಟಿಗಾಗಿ ಜಗಳಕ್ಕೆ ಬಂದು ಕಟ್ಟೆಯ ಮೇಲೆ ನಿಂತಿದ್ದ ಓಣಿ ಇಡಿಯಾಗಿ ಒಳಗೆ ಬಂತು. ಸಂಗತಿ ಕಿವಿಗೆ ಬಿದ್ದದ್ದೇ ಅವರ ಸಿಟ್ಟೆಲ್ಲ ಬೇರೆ ಕಡೆ ತಿರುಗಿತು. ಎಷ್ಟಾದರೂ ಓಣಿಯ ಹುಡುಗ.

ಅಡಿವೆವ್ವ ಚನ್ನೇಶನ ಹೆಗಲ ಮೇಲಿಂದ ಪರದೆಗೆ ಮೂಗು ಹಚ್ಚಿದಳು. "ಏ ಸಾಹುಕಾರಾ, ಅಡಿವೆವ್ವ ಅಂದ್ರ ನಾನ! ಮುಚ್ಚಿಡಬಾರ್ದು ಅಂದಿದ್ದು ಏನಂದ್ರ, ಹುಡುಗಗ ಉಪ್ಪಿಟ್ಟು ಸೇರಾಂಗಿಲ್ಲ. ಹುಡುಗಿಗೆ ಮೊದಲ ಗೊತ್ತಿರಲಿ ಅಂತ ಹೇಳಾಕತ್ತಿದ್ದೆ, ಅಷ್ಟ!"

"ನಾ ಹೇಳಾಕ ಹೊಂಟಿದ್ದು ಚಟಾ ಒಂದೂ ಇಲ್ಲ ಅಂತ್ರಿ!" ಎಂದು ಫಕ್ಕೀರೇಶ ಇನ್ನೊಂದು ಹೆಗಲ ಮೇಲಿಂದ ಕೂಗಿದ. "ನನ್ನ ಪಾಲಿಸಿ ಆಣಿ!"

"ಹೀರಾ ಐತ್ರಿ ಲಡಕಾ, ಅಪ್ಪಟ ಹೀರಾ," ಎಂದರು ಗೌಸಸಾಬರು, ನೋವನ್ನೆಲ್ಲ ನುಂಗಿಕೊಂಡು.

ಚನ್ನೇಶನ ಕಣ್ಣು ತುಂಬಿ ಬಂತು. ಇವರನ್ನೇ ತಾನು ಕಳ್ಳರ ಸಂತೆ ಅಂದದ್ದು!

ಅಜ್ಜಪ್ಪನವರ ಮುಖ ಮಾತ್ರ ಗೊಬ್ಬರದ ಚೀಲದಂತೆ ಹಾಗೆಯೇ ಬಿಗ್ಗನೆ ಹೊಲಿದಿತ್ತು. "ಇದು ವಿಚಾರಣಿ ಅಲ್ಲ ಮಾಸ್ತರ, ಸಾಕ್ಷಿ ಹೇಳಸೂದು. ಬಾಜೂಕ ನಿಂದರಿಸಿಕೊಂಡು ಕೇಳಿದ್ರ ಕಳ್ಳನ್ನೂ ಸಾವಕಾರ ಅಂತಾರ. ಹಿಂದ ಏನಂತಾರ, ಅದು ಖರೆ. ಅದನ್ನ ನಾವು ಕೇಳೇವಿ. ಹೋಗ್ಲಿ, ಗೌಸಸಾಬರ, ಆ ದೊಡ್ಡ ಕತಿ ಏನದು? ಮದುವಿ ಯಾಕ ತಡ ಆತು?"

ಗೌಸಸಾಬರು ಬಾಯಿ ತೆರೆಯುವ ಮೊದಲೇ ಓಣಿಯೆಲ್ಲ ನೆರವಿಗೆ ಧಾವಿಸಿತು.

"ಜಾತಕ ಕೂಡಿ ಬರಲಿಲ್ರಿ!" ಎಂದ ಫಕ್ಕೀರೇಶ.

"ಅವ್ವನ ಹಟಾ! ಬಂದ ಹೆಣ್ಣೆಲ್ಲಾ ಗಿಡ್ಡ ಅಂದ್ಲು," ಎಂದಳು ಅಡಿವೆವ್ವ.

"ನಾ ಯಾವಾಗ ಅಂದೆ? ಇವನ ಒಲ್ಲೆ ಅಂದಾ!" ಎಂದಳು ಸರೋಜವ್ವ.

"ಒಂದ ಸಲ ಕೂಡಿ ಬಂದಿತ್ತು," ಎಂದು ಗೌಸಸಾಬರು ನಿಟ್ಟುಸಿರಿನೊಂದಿಗೆ ಆರಂಭಿಸಿದರು, "ಆಗ ಏನಾತಂದ್ರ…"

"ಚಾಚಾ!" ಎಂದು ಚನ್ನೇಶ ಚೀರಿದ.

"ಎಲ್ಲಾರೂ ಸುಮ್ನಾಗ್ರಿ!" ಅಜ್ಜಪ್ಪನವರ ದನಿಗೆ ಸವಣೂರಿನ ಮಾಳಿಗೆಯೂ ನಡುಗಿತು. "ಹುಡುಗನ ಬಾಯಿಲೆ ಕೇಳೂಣು. ಹೇಳ್ರಿ ಮಾಸ್ತರ. ನೀಲಾಂಬಿಕಾ, ನೀನೂ ಮುಂದ ಬಾ, ಕೇಳು."

ಅವಳು ಮುಂದೆ ಬಂದಳು. ನಗುತ್ತಿರಲಿಲ್ಲ. ಕೈಕಟ್ಟಿಕೊಂಡು ಕಾಯುತ್ತಿದ್ದಳು.

ಚನ್ನೇಶ ಬಾಯಿ ತೆರೆದ. ಯಾವುದರಿಂದ ಶುರುಮಾಡಲಿ? ಜಾತಕ ಅನ್ನಲೇ? ಅವ್ವ ಅನ್ನಲೇ? ಒಮ್ಮೆ ಕೂಡಿ ಬಂದಾಗ ಆದದ್ದನ್ನು ಈ ತುಂಬಿದ ಸಭೆಯಲ್ಲಿ ಹೇಳಲಾದೀತೇ? ಮಧ್ಯಾಹ್ನದಿಂದ ಯಾವ ನೆಟ್ಟಿಗಾಗಿ ಹರಕೆ ಹೊತ್ತಿದ್ದನೋ, ಅದು ಈಗ ಹೋಗಲಪ್ಪಾ ದೇವರೇ, ಈ ಒಂದು ಸಲ, ಒಂದೇ ಒಂದು ಸಲ ಹೋಗಲಿ ಎಂದು ಅವನ ಮೈಯ ಕೂದಲು ಕೂದಲೂ ಬೇಡಿಕೊಂಡಿತು.

ದೇವರು ಕೇಳಿಸಿಕೊಂಡ. ಫಟ್ಟನೆ ಕರೆಂಟು ಹೋಯಿತು. ಫ್ಯಾನು ನರಳಿ ನಿಂತಿತು, ಮನೆಯೆಲ್ಲ ಮಬ್ಬಾಯಿತು. ಚನ್ನೇಶ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಉಸಿರು ಬಿಟ್ಟ.

ಮೂಲೆಯ ಕತ್ತಲಿನಿಂದ ಅತೀಕನ ದನಿ ಬಂತು. "ಹೆದರಬ್ಯಾಡ ಮಾಸ್ತರ! ಹಿಂಗ ಆಗತೈತಿ ಅಂತ ಗೊತ್ತಿತ್ತು. ರೌಟರ್‍ಗೆ ಬ್ಯಾಟರಿ ಹಚ್ಚೇನಿ. ಲ್ಯಾಪ್‌ಟಾಪಿಗೂ ಚಾರ್ಜ್ ಫುಲ್ ಐತಿ. ರಾತ್ರಿತನ ಕುಂತ ಮಾತಾಡು!"

ಚನ್ನೇಶ ಕಣ್ಣು ತೆರೆದ. ಕತ್ತಲೆಯ ನಡುವೆ ರಟ್ಟೀಹಳ್ಳಿಯ ಪಡಸಾಲೆ ಮೊದಲಿಗಿಂತಲೂ ಝಗಝಗಿಸುತ್ತಿತ್ತು.

"ಹೇಳ್ರಿ," ಎಂದರು ಅಜ್ಜಪ್ಪ. "ಗಂಟಿ ಬಾರಿಸಿದಂಗ ಕೇಳಾಕತ್ತೈತಿ."